ಒಣಗಣ್ಣಿನ ಅಳಿಯ

ಸ್ವಲ್ಪ ಗಾಳಿ ಬಡಿದರೆ ಸಾಕು, ಅಚ್ಯುತನ ಎರಡೂ ಕಣ್ಣುಗಳಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ವಡೋದರಾದ ಕಣ್ಣಿನ ಡಾಕ್ಟರರು ಮಾತ್ರ ದೀಪ ಬಿಟ್ಟು ನೋಡಿ, ನಿಮ್ಮ ಕಣ್ಣು ಒಣಗಿದೆ ಎಂದುಬಿಟ್ಟರು. ಒಣಗಿದ ಕಣ್ಣು ಉರಿಯುತ್ತದೆ, ಉರಿ ತಾಳಲಾರದೆ ನೀರು ಸುರಿಸುತ್ತದೆ ಎಂಬುದು ಅವರ ವಿವರಣೆ. (ಪ್ರವಾಹದಲ್ಲಿ ನಿಂತವನಿಗೆ ಬರಗಾಲದ ಸರ್ಟಿಫಿಕೇಟು!) ಸದ್ಯಕ್ಕೆ ಔಷಧಿ ಬೇಡ, ಆಪರೇಶನ್ನೂ ಬೇಡ, ಬೆಚ್ಚಗಿನ ಒದ್ದೆ ಬಟ್ಟೆಯ ಶಾಖ ಕೊಡಿ, ಕಂಪ್ಯೂಟರಿನ ಮುಂದೆ ಮರೆಯದೆ ಕಣ್ಣು ಮಿಟುಕಿಸಿ, ಮುಖ್ಯವಾಗಿ ಫ್ಯಾನಿನ ಗಾಳಿ ಮುಖಕ್ಕೆ ತಾಗದಿರಲಿ ಎಂದು ಹೇಳಿ ಕಳಿಸಿದರು.

ಹೆಂಡತಿ ಸುಮಿತ್ರಾ ಈ ಚಿಕಿತ್ಸೆಯನ್ನು ಮಹಾಯಜ್ಞದಂತೆ ಕೈಗೊಂಡಳು. ಅಚ್ಯುತ ಮಕರಪುರದ ಕಾರ್ಖಾನೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಅವನನ್ನು ಮಲಗಿಸಿ ಕಣ್ಣಿನ ಮೇಲೆ ಬಿಸಿ ಬಟ್ಟೆ ಇಡುತ್ತಿದ್ದಳು. ಆಗ ಅವನು ಎದ್ದು ಹೋಗುವಂತಿರಲಿಲ್ಲವಾದ್ದರಿಂದ, ಮದುವೆಯಾದಾಗಿನಿಂದ ಹೇಳಲು ಬಾಕಿಯಿದ್ದ ಮಾತುಗಳನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ವಡೋದರಾದಲ್ಲೇ ಹುಟ್ಟಿ ಬೆಳೆದ ಮಗಳು ಗಗನಾ, ಅಪ್ಪ ಮೊಬೈಲು ನೋಡುತ್ತ ಕೂತರೆ "ಪಪ್ಪಾ, ಆಂಖ್ ಪಟಪಟಾವೋ" ಎಂದು ಕಣ್ಣು ಮಿಟುಕಿಸಲು ಹುಕುಂ ಹೊರಡಿಸುತ್ತಿದ್ದಳು. ಗೋರ್ವಾ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಫ್ಯಾನು ಒಂದನೇ ನಂಬರಿನಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಕಣ್ಣು ತಹಬಂದಿಗೆ ಬಂತು.

ಅಷ್ಟರಲ್ಲಿ ಮೇ ತಿಂಗಳು ಬಂತು. ಅದರ ಹಿಂದೆಯೇ ಅರಸೀಕೆರೆಯಿಂದ ಸುಮಿತ್ರಾಳ ತಂದೆ ವಾಮನರಾಯರು ಬಂದರು.

ಹೆಸರು ವಾಮನ, ದೇಹ ತ್ರಿವಿಕ್ರಮನದು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ರೆಗ್ಯುಲೇಟರಿನಲ್ಲಿ ಐದು ಇರುವಾಗ ಒಂದಕ್ಕಿಡುವುದು ಇಲಾಖೆಗೇ ಅವಮಾನವೆಂದು ಅವರ ನಂಬಿಕೆ. ಬಂದವರೇ ಬನಿಯನ್ನು ಕಳಚಿ, ಹಾಲ್‌ನ ಫ್ಯಾನನ್ನು ಐದಕ್ಕೆ ತಿರುಗಿಸಿ, ಅದರಡಿ ಪವಡಿಸಿದರು. ಅಚ್ಯುತನ ಕಣ್ಣು ಮತ್ತೆ ಉರಿಯತೊಡಗಿತು.

"ನಿಮ್ಮಪ್ಪನಿಗೆ ಸ್ವಲ್ಪ ಹೇಳೇ, ಮೂರಕ್ಕಾದ್ರೂ ಇಡ್ಲಿ" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ.

"ನಿಮ್ಮಮ್ಮ ಬಂದಾಗ ಟಿವಿ ಸೌಂಡ್ ಬಗ್ಗೆ ನಾನೇನಾದ್ರೂ ಅಂದ್ನಾ?"

"ಅಂದೆ."

"ಅಂದ್ರೂ ಅವರೇನು ಕಡಿಮೆ ಮಾಡಿದ್ರಾ?"

ಕಣ್ಣಿನ ವಿಷಯ ತಿಳಿದರೆ ಅಪ್ಪ ನೊಂದುಕೊಂಡು ಅವತ್ತೇ ಗಂಟುಮೂಟೆ ಕಟ್ಟುತ್ತಾರೆ, ಆದ್ದರಿಂದ ಬಾಯಿ ಬಿಡಕೂಡದು ಎಂದು ಸುಮಿತ್ರಾ ಕಟ್ಟಪ್ಪಣೆ ಮಾಡಿದಳು. ಮಾವ ಗೊರಕೆ ಹೊಡೆಯುವಾಗ ಅಚ್ಯುತ ತುದಿಗಾಲಲ್ಲಿ ನಡೆದು ರೆಗ್ಯುಲೇಟರನ್ನು ನಾಲ್ಕಕ್ಕೆ ಇಳಿಸಿ ನೋಡಿದ. ಗೊರಕೆ ತಕ್ಷಣ ನಿಂತು, ವೋಲ್ಟೇಜ್ ಬಿತ್ತಾ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಸ್ಕೂಟರ್ ಓಡಿಸುವಾಗ ಹಾಕುವ ದೊಡ್ಡ ಕನ್ನಡಕ ತೊಟ್ಟು ಊಟಕ್ಕೆ ಕೂತ. ಒಳಗೂ ಗಾಡಿ ಓಡಿಸ್ತೀರಾ ಎಂದು ಮಾವ ಕೇಳಿದ್ದಕ್ಕೆ ಇದು ಈಗಿನ ಫ್ಯಾಷನ್ನು ಎಂದ. ಹೀಗೆ ಹಲ್ಲುಕಚ್ಚಿಕೊಂಡು, ಮಾವನ ರೈಲಿಗಾಗಿ ಕಾದ.

ಹೊರಡುವ ದಿನ ಎಲ್ಲರಿಗಿಂತ ಮೊದಲು ಸ್ನಾನ ಮುಗಿಸಿದವನು ಅಚ್ಯುತನೇ. ಸೂಟ್‌ಕೇಸನ್ನೂ ತಾನೇ ಹೊತ್ತ. ಸಂಭ್ರಮದಲ್ಲಿ ಕನ್ನಡಕ ಮನೆಯಲ್ಲೇ ಉಳಿಯಿತು. ಪ್ಲಾಟ್‌ಫಾರಮ್ಮಿನಲ್ಲಿ ಮಧ್ಯಾಹ್ನದ ಬಿಸಿಗಾಳಿ ರಪರಪ ಬಡಿಯುತ್ತಿತ್ತು. ರೈಲು ಬಂದು ನಿಲ್ಲುವ ಹೊತ್ತಿಗೆ ಅವನ ಎರಡೂ ಕಣ್ಣುಗಳು ಕೋಡಿ ಹರಿದಿದ್ದವು.

ಬೋಗಿಯ ಮೆಟ್ಟಿಲೇರಿದ ವಾಮನರಾಯರು ತಿರುಗಿ ನೋಡಿದರು. ಹೆತ್ತ ಮಗಳು ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಿದ್ದಾಳೆ. ಮೊಮ್ಮಗಳು ಮೊಬೈಲಿನಲ್ಲಿ ಮುಳುಗಿದ್ದಾಳೆ. ಅಳಿಯನೊಬ್ಬನ ಕೆನ್ನೆಯ ಮೇಲೆ ಮಾತ್ರ ನೀರು ಇಳಿಯುತ್ತಿದೆ.

"ಅಳಿಯಂದ್ರೇ, ನಾನು ಹೋಗ್ತೀನಿ ಅಂತ ಅಳ್ತಿದೀರಾ?" ಅವರು ಮೆಟ್ಟಿಲ ಮೇಲೇ ನಿಂತು ಕೇಳಿದರು. "ನಾನು ರಿಟೈರ್ ಆದಾಗ ಆಫೀಸಲ್ಲಿ ಒಬ್ಬರ ಕಣ್ಣೂ ಒದ್ದೆಯಾಗ್ಲಿಲ್ಲ ಕಣ್ರೀ."

ಇದು ಗಾಳಿಯ ಕರಾಮತ್ತು ಎಂಬ ಮಾತು ಅಚ್ಯುತನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮುದುಕರ ಗಲ್ಲ ನಡುಗುತ್ತಿತ್ತು. ಅದನ್ನು ನೋಡಿ ಅವನ ಕರುಳು ನಿಜಕ್ಕೂ ಚುರುಕ್ಕೆಂದಿತು. ರೈಲು ಹೇಗೂ ಹೊರಡುತ್ತದೆ, ಒಂದು ಒಳ್ಳೆಯ ಮಾತು ಆಡಿದರೆ ತನ್ನ ಗಂಟೇನು ಹೋಗುತ್ತದೆ ಎಂದುಕೊಂಡು, "ಹೌದು ಮಾವ" ಎಂದುಬಿಟ್ಟ.

ಮೊದಲು ಸೂಟ್‌ಕೇಸು ಕೆಳಗಿಳಿಯಿತು. ಅದರ ಹಿಂದೆ ವಾಮನರಾಯರು ಇಳಿದರು. ರೈಲು ಅವರನ್ನು ಬಿಟ್ಟು ಅರಸೀಕೆರೆಯ ಕಡೆ ಹೊರಟುಹೋಯಿತು. ಮನೆ ತಲುಪುವವರೆಗೂ ಸುಮಿತ್ರಾ ಗಂಡನ ಮುಖ ನೋಡಲಿಲ್ಲ. ನೋಡಿದರೆ ನಗು ತಡೆಯುವುದು ಅವಳಿಗೆ ಸಾಧ್ಯವಿರಲಿಲ್ಲ.

ಮನೆಗೆ ಬಂದೊಡನೆ ಮಾವ ಅಳಿಯನ ಕೈಹಿಡಿದು ಕರೆದುಕೊಂಡು ಹೋಗಿ, ತಮ್ಮ ಖಾಸಾ ಜಾಗದಲ್ಲಿ, ಫ್ಯಾನಿನ ನೇರ ಕೆಳಗೆ ಕೂರಿಸಿದರು. ಅತ್ತು ಅತ್ತು ಬಳಲಿದ್ದೀರಿ, ಸ್ವಲ್ಪ ಗಾಳಿ ತಗೊಳ್ಳಿ ಎಂದು ಅಕ್ಕರೆಯಿಂದ ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದರು. ಕ್ಷಣದಲ್ಲೇ ಅಚ್ಯುತನ ಕೆನ್ನೆ ಮತ್ತೆ ತೊಯ್ದುಹೋಯಿತು.

ವಾಮನರಾಯರು ಅವನ ಬೆನ್ನು ಸವರಿದರು. "ಇನ್ನೂ ಸಮಾಧಾನ ಆಗ್ಲಿಲ್ವಾ? ಆಯ್ತು ಬಿಡಿ, ನವರಾತ್ರಿ ಮುಗಿಸ್ಕೊಂಡೇ ಹೋಗ್ತೀನಿ."