ಫೆಸ್ಟೊನ ಮದುವೆ ಸಮಿತಿ

ಬೆಳಿಗ್ಗೆ ಎಂಟೂಕಾಲಿಗೆ ಫೆಸ್ಟೊ ಕಿಹ್ವೇಲೊ ಕಚೇರಿಗೆ ಬಂದಾಗ ಅವನ ಮೇಜಿನ ಮೇಲೆ ಒಂದು ಕಾರ್ಡು ಕೂತಿತ್ತು. ಅಂಗೈಯಗಲದ್ದು, ಕೆನೆಬಣ್ಣದ್ದು, ಅಂಚಿಗೆ ಚಿನ್ನದ ಗೆರೆ. ದಾರ್ ಎಸ್ ಸಲಾಮಿನಲ್ಲಿ ನಾಲ್ಕು ವರ್ಷ ಸಂಬಳ ತಿಂದವರು ಇಂಥ ಕಾರ್ಡನ್ನು ಕಂಡ ಕೂಡಲೇ ಬಿಚ್ಚಿ ಓದುವುದಿಲ್ಲ. ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಫೆಸ್ಟೊ ಕೂಡ ಮುಟ್ಟಿ ನೋಡಿಕೊಂಡ.

ಅಂಗಿಯ ಒಳಜೇಬಿನಲ್ಲಿ, ಎರಡು ಸೇಫ್ಟಿ ಪಿನ್ನುಗಳ ಕಾವಲಿನಲ್ಲಿ, ನಾಲ್ಕು ಲಕ್ಷ ಎಂಬತ್ತು ಸಾವಿರ ಶಿಲಿಂಗು ಬೆಚ್ಚಗೆ ಮಲಗಿತ್ತು. ಬುಗುರುನಿಯಲ್ಲಿ ಅವನಿಗೊಂದು ಬಾಡಿಗೆ ರೂಮು, ತಿಂಗಳಿಗೆ ಎಂಬತ್ತು ಸಾವಿರ. ಆದರೆ ಈ ಊರಿನ ಮನೆಯೊಡತಿಯರ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಎರಡೇ ಹಾಳೆ. ಆರು ತಿಂಗಳದ್ದು ಒಟ್ಟಿಗೇ ಕೊಡಬೇಕು, ಅದೂ ಮುಂಗಡವಾಗಿ. ಹಿಂದಿನ ಸಂಜೆಯಷ್ಟೇ ಅವನ ಮನೆಯೊಡತಿ ರಿಜಿಕಿಯಮ್ಮ ಬಾಗಿಲಿಗೆ ಬಂದು ಹೇಳಿಹೋಗಿದ್ದಳು: "ನಾಳೆ ಸಂಜೆ ಕೊಟ್ರೆ ರೂಮು ನಿಂದು. ಇಲ್ಲಾಂದ್ರೆ ಆಚೆ ಬೀದಿ ಇದೆಯಲ್ಲ, ಅದು ನಿಂದು. ಒಂದು ಶಿಲಿಂಗು ಕಮ್ಮಿ ಇದ್ರೂ ತರಬೇಡ ಮಗಾ, ನಂಗೆ ಚಿಲ್ಲರೆ ಲೆಕ್ಕ ಬರಲ್ಲ." ರಿಜಿಕಿಯಮ್ಮನಿಗೆ ಬಾರದ ಲೆಕ್ಕ ಈ ಭೂಮಿಯ ಮೇಲೆ ಯಾವುದೂ ಇರಲಿಲ್ಲ.

ಆ ಹಣ ಕೂಡಿಸಲು ಫೆಸ್ಟೊ ಆರು ತಿಂಗಳು ಪಟ್ಟ ಪಾಡು ಅವನ ಬೆಲ್ಟಿಗೆ ಗೊತ್ತು. ಅದಕ್ಕೆ ಹೊಸದಾಗಿ ಮೂರು ತೂತು ಬಿದ್ದಿದ್ದವು. ಅಕ್ಕಿ ಏರಿದಾಗ ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮುದ್ದೆಗೆ ಇಳಿದ. ಮಾಂಸ ಏರಿದಾಗ ಬೆರಳುದ್ದದ ಒಣಮೀನಿಗೆ ಇಳಿದ. ಬಸ್ಸಿನ ದರ ಏರಿದಾಗ ಬಸ್ಸಿನಿಂದಲೇ ಇಳಿದ. ಹೀಗೆ ಪ್ರತಿಯೊಂದು ಏರಿದಾಗಲೂ ತಾನು ಒಂದು ಮೆಟ್ಟಿಲು ಇಳಿದು ಸರಿದೂಗಿಸುತ್ತ ಬಂದವನಿಗೆ ಇಳಿಯಲಾಗದೆ ಉಳಿದದ್ದು ಒಂದೇ: ಪರರ ಮದುವೆ. ಈ ಊರಿನಲ್ಲಿ ಯಾರೂ ತಮ್ಮ ಮದುವೆಯನ್ನು ತಾವೇ ಮಾಡಿಕೊಳ್ಳುವುದಿಲ್ಲ. ಓಣಿ, ಕಚೇರಿ, ಚರ್ಚು ಎಲ್ಲ ಸೇರಿ ಸಮಿತಿ ಕಟ್ಟಿ ಮಾಡಿಸುತ್ತವೆ. ಕಾರ್ಡು ಬಂತು ಅಂದರೆ ವಂತಿಗೆ ಬಂತು ಅಂತಲೇ. ಲಕ್ಷ ಕೊಟ್ಟರೆ ಒಬ್ಬರ ಊಟ, ಲಕ್ಷದೈವತ್ತು ಕೊಟ್ಟರೆ ಇಬ್ಬರದು. ಒಂಬತ್ತು ವರ್ಷದಲ್ಲಿ ಫೆಸ್ಟೊ ನಲವತ್ತೊಂದು ಮದುವೆ ಮಾಡಿಸಿದ್ದ. ಅದರಲ್ಲಿ ಒಂದೂ ತನ್ನದಲ್ಲ.

ಕಾರ್ಡು ತೆರೆದ. ನಲವತ್ತೆರಡನೆಯದು ಸ್ವತಃ ಮ್ಯಾನೇಜರು ತೇಮು ಸಾಹೇಬರ ಮಗಳದ್ದು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಸಾಹೇಬರ ಕೆಮ್ಮು ಕೇಳಿಸಿತು. ಅವರು ಜವಾನನನ್ನು ಕಳಿಸಿ ಕರೆಸುವವರಲ್ಲ, ಕೆಮ್ಮಿ ಕರೆಯುವವರು. ಆ ಕೆಮ್ಮಿಗೆ ಘಾಟಿ ಹತ್ತುವ ಲಾರಿಯಂತೆ ಮೂರು ಗೇರು. ಫೆಸ್ಟೊ ಒಳಗೆ ಹೋದ.

"ಹ್ಞ... ಹ್ಞಹ್ಞ... ಹ್ಞಾಆಅ! ಫೆಸ್ಟೊ! ಕಾರ್ಡು ನೋಡಿದ್ಯಾ? ನಿನ್ನ ಹೆಸರಿನ ಮುಂದೆ ಎಷ್ಟು ಬರ್ಕೊಳ್ಳಿ? ಲಕ್ಷನೋ, ಲಕ್ಷದೈವತ್ತೋ? ಬಲವಂತ ಏನಿಲ್ಲಪ್ಪ. ನಿನ್ನ ಬಡ್ತಿ ಕಾಗದ ಕೂಡ ಇಲ್ಲೇ ಮೇಜಿನ ಮೇಲೇ ಇದೆ. ಅದಕ್ಕೂ ಬಲವಂತ ಇಲ್ಲ."

ಫೆಸ್ಟೊನ ಎಡಗೈ ತಾನಾಗಿ ಒಳಜೇಬಿನ ಮೇಲೆ ಹೋಯಿತು. ನಾಲ್ಕು ಎಂಬತ್ತರಲ್ಲಿ ಒಂದು ಹೋದರೆ ಮೂರು ಎಂಬತ್ತು. ಮೂರು ಎಂಬತ್ತಕ್ಕೆ ರಿಜಿಕಿಯಮ್ಮ ಬೀದಿ ತೋರಿಸುತ್ತಾಳೆ. ಬಾಯಿಂದ ಮಾತು ತಾನಾಗಿ ಜಾರಿತು.

"ಕೊಡ್ತಿದ್ದೆ ಸಾರ್... ಆದ್ರೆ ಈ ಸಲ... ನಂದೂ ಮದುವೆ."

ಸಾಹೇಬರ ಕೆಮ್ಮು ಎರಡನೇ ಗೇರಿನಲ್ಲೇ ನಿಂತುಹೋಯಿತು. ಆಮೇಲೆ ಅವರು ಎದ್ದು ಬಂದು ಫೆಸ್ಟೊನನ್ನು ಅಪ್ಪಿಕೊಂಡರು. "ಕಳ್ಳ! ಮೂವತ್ತೆಂಟು ವರ್ಷ ಸುಮ್ನಿದ್ದು ಈಗ ಹೇಳ್ತೀಯಾ? ನಿನ್ನ ವಂತಿಗೆ ಮಾಫಿ. ಮದುಮಗನ ಹತ್ರ ಯಾರಾದ್ರೂ ಕೀಳ್ತಾರಾ?" ಎಂದವರು ಬಾಗಿಲು ತೆರೆದು ಇಡೀ ಕಚೇರಿಗೆ ಕೇಳಿಸುವಂತೆ ಕೂಗಿದರು: "ಎಲ್ರೂ ಬನ್ನಿ! ಫೆಸ್ಟೊ ಮದುವೆ!"

ಬಂದರಿಗೆ ಇಳಿಯುವ ಸರಕಿನ ಕಾಗದಪತ್ರ ಬಿಡಿಸಿಕೊಡುವುದು ಆ ಕಂಪನಿಯ ಕೆಲಸ. ಫೆಸ್ಟೊನನ್ನು ಬಿಟ್ಟು, ಸಾಹೇಬರೂ ಸೇರಿ ಹದಿನಾರು ಜನರಿದ್ದರು. ಅಂದು ಮೂರು ಹಡಗು ಬಂದಿದ್ದರೂ ಹದಿನಾರೂ ಜನ ಫೆಸ್ಟೊನನ್ನೇ ಬಿಡಿಸಲು ನಿಂತರು.

"ಹುಡುಗಿ ಯಾರು?" ಎಂದಳು ಕ್ಯಾಷಿಯರ್ ತಾತು ಅಕ್ಕ. ಅವಳು ಪಿಸುಗುಟ್ಟಿದರೆ ಜಾಂಜಿಬಾರಿನ ದೋಣಿಯವರು ತಿರುಗಿ ನೋಡುತ್ತಿದ್ದರು.

"ನಮ್ಮೂರ ಕಡೆಯವಳು. ಇರಿಂಗಾ."

"ಇರಿಂಗಾ ಅಂದ್ರೆ ಇರಿಂಗಾ ಪೇಟೆನೋ, ಹಳ್ಳಿನೋ? ಹೆಸರೇನು? ಓದಿದ್ದಾಳಾ? ಬೆಳ್ಳಗೋ ಕಪ್ಪಗೋ? ಎತ್ತರ ಎಷ್ಟು? ನಿನ್ನಲ್ಲಿ ಏನು ನೋಡಿ ಒಪ್ಪಿದ್ಲು?"

ಕೊನೆಯ ಪ್ರಶ್ನೆಗೆ ಉತ್ತರ ತಿಳಿಯುವ ಕುತೂಹಲ ಫೆಸ್ಟೊಗೂ ಇತ್ತು. "ಹೆಸರು... ತುಮಾಯಿನಿ," ಎಂದ. "ಎತ್ತರ... ಸಾಕಷ್ಟು ಇದ್ದಾಳೆ."

"ಸಾಕಷ್ಟು ಅಂದ್ರೆ ಎಷ್ಟೋ? ಮದುವೆಗೆ ಎಲ್ರಿಗೂ ಒಂದೇ ಥರದ ಬಟ್ಟೆ ಹರಿಸಬೇಕಲ್ಲ! ಫೋನು ಹಾಕು. ನಾನೇ ಕೇಳ್ತೀನಿ."

"ಅವಳು ಈಗ ಚರ್ಚಲ್ಲಿ ಹಾಡೋಕೆ ಹೋಗಿರ್ತಾಳೆ, ಅಕ್ಕ."

"ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಯಾವ ಚರ್ಚಲ್ಲಿ ಹಾಡ್ತಾರೋ? ಹಾಕು ಅಂದ್ರೆ ಹಾಕು!"

ಹದಿನಾರು ಜನರ ಮೂವತ್ತೆರಡು ಕಣ್ಣುಗಳ ಎದುರಿಗೆ ಫೆಸ್ಟೊ ಫೋನು ತೆಗೆದ. ಯಾರ ನಂಬರು ಒತ್ತುವುದು? ಬೆರಳು ರೂಢಿಯಂತೆ, ಫೋನಿನಲ್ಲಿ ದುಡ್ಡೆಷ್ಟು ಉಳಿದಿದೆ ಎಂದು ಹೇಳುವ ಕಂಪನಿಯ ನಂಬರನ್ನೇ ಒತ್ತಿತು. ಅತ್ತ ಕಡೆಯಿಂದ ಧ್ವನಿಮುದ್ರಿತ ಹೆಣ್ಣು ದನಿ ಜೇನಿನಂತೆ ಸುರಿಯಿತು. ಫೆಸ್ಟೊ ಗಂಟಲು ಸರಿಮಾಡಿಕೊಂಡು, "ಹಲೋ ಬಂಗಾರಿ, ಹೇಗಿದ್ದೀಯಾ?" ಎಂದ.

ತಾತು ಅಕ್ಕ ಕಿವಿಯನ್ನು ಫೋನಿನ ಬೆನ್ನಿಗೆ ಅಂಟಿಸಿದಳು. ಒಳಗಿನ ದನಿ, "ನಿಮ್ಮಲ್ಲಿ ಸಾಕಷ್ಟು ಹಣ ಇಲ್ಲ. ದಯವಿಟ್ಟು ಹಣ ತುಂಬಿ" ಎಂದಿತು.

ಅಕ್ಕ ಎದೆಯ ಮೇಲೆ ಕೈಯಿಟ್ಟು ಹಿಂದೆ ಸರಿದಳು. "ಎಂಥಾ ಹುಡುಗಿನೋ ಮಾರಾಯ! ಮದುವೆಗೆ ಮುಂಚೇನೇ ಹೆಂಡತಿ ಥರ ಮಾತಾಡ್ತಾಳೆ! ದನಿಯಲ್ಲೇ ಗೊತ್ತಾಗುತ್ತೆ, ಓದಿದೋಳು." ಅಲ್ಲಿಗೆ ತುಮಾಯಿನಿಗೆ ಜೀವ ಬಂತು.

ಈ ಗದ್ದಲದಲ್ಲಿ ಒಬ್ಬನೇ ಒಬ್ಬ ಮಾತ್ರ ಹುಡುಗಿಯ ಸುದ್ದಿ ಎತ್ತಲಿಲ್ಲ. ಅವನು ಗಾಸ್ಪರ್, ಮೂರು ತಿಂಗಳ ಹಿಂದೆ ಬೇರೆ ಕಂಪನಿಯಿಂದ ಬಂದು ಸೇರಿದ ಗುಮಾಸ್ತ. ಮೆತ್ತನೆ ಮಾತು, ಮೆತ್ತನೆ ಚಪ್ಪಲಿ. ಫೆಸ್ಟೊನನ್ನು ಗೋಡೆಯ ಪಕ್ಕಕ್ಕೆ ಕರೆದು, "ಹುಡುಗಿ ಹೇಗಿದ್ರೇನಣ್ಣ, ಮನಸ್ಸು ಮುಖ್ಯ. ನಂಗೆ ನಿನ್ನದೇ ಯೋಚನೆ. ಈಗಿರೋ ರೂಮು ಇಬ್ಬರಿಗೆ ಸಾಲುತ್ತಾ?" ಎಂದು ಕೇಳಿದ.

"ಎಲ್ಲಿ ಸಾಲುತ್ತೆ? ಒಬ್ಬನಿಗೆ ಸರಿ."

"ಒಬ್ಬನಿಗೆ ಸರಿ," ಎಂದು ಗಾಸ್ಪರ್ ಮನನ ಮಾಡಿಕೊಂಡ. "ನೀರು ದಿನಾ ಬರುತ್ತಾ? ಕರೆಂಟಿಗೆ ಬೇರೆ ಮೀಟರಾ? ಸೋರಲ್ವಾ? ಒಡತಿ ಹೇಗೆ, ಕಿರಿಕಿರಿನಾ? ಎಲ್ಲಣ್ಣ ಅದು, ಕಾರ್ಡು ಕೊಡೋಕೆ ಬೇಕಾಗುತ್ತಲ್ಲ?"

"ಮಸೀದಿ ಹಿಂದೆ. ಹಸಿರು ಗೇಟು." ಫೆಸ್ಟೊನ ಕಣ್ಣು ತೇವವಾಯಿತು. ಈ ಕಚೇರಿಯಲ್ಲಿ ತನ್ನ ಬದುಕಿನ ಬಗ್ಗೆ ಯೋಚಿಸುವ ಒಬ್ಬ ಮನುಷ್ಯನಾದರೂ ಇದ್ದಾನಲ್ಲ!

ಮಧ್ಯಾಹ್ನದ ಹೊತ್ತಿಗೆ ಸಮಿತಿ ಹುಟ್ಟಿತ್ತು. ತೇಮು ಸಾಹೇಬರು ಅಧ್ಯಕ್ಷರು, ತಾತು ಅಕ್ಕ ಖಜಾಂಚಿ, ಗಾಸ್ಪರ್ ಕಾರ್ಯದರ್ಶಿ. ಫೋನುಗಳಲ್ಲಿ 'ಫೆಸ್ಟೊ-ತುಮಾಯಿನಿ' ಎಂಬ ವಾಟ್ಸಾಪ್ ಗುಂಪು ಕೂಡ ಹುಟ್ಟಿ, ಐದು ನಿಮಿಷದಲ್ಲಿ ಅದರೊಳಗೆ ಎರಡು ಜಗಳವೂ ಹುಟ್ಟಿದವು: ಕೇಕು ಮೂರಂತಸ್ತೋ ಐದಂತಸ್ತೋ ಎಂದು ಒಂದು, ಬ್ಯಾಂಡಿನವರಿಗೆ ಬೀರು ಕೊಡಬೇಕೋ ಬೇಡವೋ ಎಂದು ಇನ್ನೊಂದು. ಒಟ್ಟು ಅಂದಾಜು ಎರಡು ಕೋಟಿ ಇಪ್ಪತ್ತು ಲಕ್ಷ ಶಿಲಿಂಗು. ಸಾಹೇಬರು ಐದು ಲಕ್ಷ, ಅಕ್ಕ ಎರಡು ಲಕ್ಷ, ಹೀಗೆ ಎಲ್ಲರೂ ಕೊಡುವ ಮಾತು ಬರೆಸಿದರು. ಮಾತು ಮಾತ್ರ. ದುಡ್ಡು ಮದುವೆ ಹತ್ತಿರವಾದಾಗ.

"ಗಂಡು ಎಷ್ಟು ಬರೆಸ್ತಾನೆ?" ಎಂದು ಯಾರೋ ಕೇಳಿದರು.

"ಹತ್ತು ಲಕ್ಷ," ಎಂದ ಫೆಸ್ಟೊ. ಬರೆಸಲು ಖರ್ಚೇನು? ಇಲ್ಲದ ಮದುವೆಗೆ ಇಲ್ಲದ ಹತ್ತು ಲಕ್ಷ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕಚೇರಿಯಲ್ಲಿ ಯಾರೋ ಅವನಿಗಾಗಿ ತಟ್ಟಿದ ಚಪ್ಪಾಳೆ. ತುಮಾಯಿನಿ ನಿಜವಾಗಿ ಇದ್ದಿದ್ದರೆ ಹೇಗಿರುತ್ತಿದ್ದಳು ಎಂದು ಅರೆಗಳಿಗೆ ಅವನಿಗೇ ಅನ್ನಿಸಿತು.

"ಸರಿ, ಸೋಡಾ ತರಿಸು," ಎಂದಳು ತಾತು ಅಕ್ಕ.

"ಯಾಕೆ?"

"ಯಾಕೆ ಅಂತೆ! ಸಮಿತಿಯ ಮೊದಲನೇ ಸಭೆಗೆ ಗಂಡೇ ಅಲ್ವೇನೋ ಗಂಟಲು ತಣಿಸೋದು? ನಲವತ್ತು ಮದುವೇಲಿ ಕುಡಿದಿದ್ದೀಯಲ್ಲ, ಅದೆಲ್ಲ ನಲ್ಲಿ ನೀರು ಅಂದ್ಕೊಂಡಿದ್ಯಾ?"

ಪ್ಯಾಂಟಿನ ಜೇಬಿನಲ್ಲಿದ್ದ ಇಪ್ಪತ್ತೆಂಟು ಸಾವಿರ ಸಂಬಳದ ದಿನದವರೆಗಿನ ಅನ್ನ. ಅದು ಹದಿನೇಳು ಬಾಟಲಿ ಸೋಡಾ ಮತ್ತು ಮೂರು ತಟ್ಟೆ ಹುರಿದ ಮರಗೆಣಸಾಗಿ ಕಣ್ಣೆದುರೇ ತೇಗಾಗಿ ಹೋಯಿತು. ಫೆಸ್ಟೊ ಒಳಜೇಬು ಮುಟ್ಟಿಕೊಂಡ. ಪಿನ್ನು ಚುಚ್ಚಿತು. ಇದೆ, ಪೂರ್ತಿ ಇದೆ. ಹತ್ತು ದಿನ ನೀರು ಕುಡಿದಾದರೂ ಬದುಕಬಹುದು, ತಲೆಯ ಮೇಲೆ ತಗಡು ಇರುತ್ತದಲ್ಲ.

ಒಂದು ಬಾಟಲಿ ಮಾತ್ರ ತೆರೆಯದೆ ಉಳಿಯಿತು. "ಗಾಸ್ಪರ್ ಎಲ್ಲಿ?" ಎಂದರು ಸಾಹೇಬರು.

"ಕಾರ್ಡು ಅಚ್ಚು ಹಾಕಿಸೋಕೆ ಅಂತ ಬಜಾಜಿ ಆಟೊ ಹತ್ತಿ ಓಡಿದ," ಎಂದಳು ಅಕ್ಕ. "ನೋಡ್ರೋ, ಕಾರ್ಯದರ್ಶಿ ಅಂದ್ರೆ ಹಾಗಿರಬೇಕು."

ಮದುಮಗನೆಂಬ ಕಾರಣಕ್ಕೆ ಸಾಹೇಬರು ಫೆಸ್ಟೊನನ್ನು ಒಂದು ಗಂಟೆ ಮುಂಚೆಯೇ ಬಿಟ್ಟರು. ಬಿಸಿಲಲ್ಲಿ ನಡೆದುಕೊಂಡೇ ಬುಗುರುನಿಗೆ ಬಂದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ: ಬಾಡಿಗೆ ಉಳಿಯಿತು, ವಂತಿಗೆ ತಪ್ಪಿತು, ಬಡ್ತಿ ಕಾಗದ ಹಾಗೇ ಇದೆ. ಎರಡು ತಿಂಗಳು ಕಳೆದ ಮೇಲೆ ಮುಖ ಸಪ್ಪಗೆ ಮಾಡಿ, 'ಹುಡುಗಿ ಒಲ್ಲೆ ಅಂದ್ಲು' ಎಂದರಾಯಿತು. ತಾನು ಇಷ್ಟು ಬುದ್ಧಿವಂತ ಎಂದು ಇಷ್ಟು ದಿನ ತಿಳಿದಿರಲಿಲ್ಲವಲ್ಲ!

ಹಸಿರು ಗೇಟು ತಳ್ಳಿದ್ದೇ ತಡ, "ಲುಲುಲುಲುಲೂ!" ಎಂದು ಅಂಗಳದ ಹೆಂಗಸರೆಲ್ಲ ನಾಲಗೆ ಆಡಿಸಿ ಕೇಕೆ ಹಾಕಿದರು. ಯಾರೋ ತಲೆಯ ಮೇಲೆ ಅಕ್ಕಿ ಎರಚಿದರು. ಕಿಲೋಗೆ ಮೂರು ಸಾವಿರದ ಅಕ್ಕಿ! ಫೆಸ್ಟೊ ಅಭ್ಯಾಸಬಲದಿಂದ ಹೆಗಲ ಮೇಲಿನ ಕಾಳುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡ. ರಿಜಿಕಿಯಮ್ಮ ಇದ್ದಿಲೊಲೆಯ ಮುಂದಿನಿಂದ ಎದ್ದು ಬಂದು ಅವನ ಎರಡೂ ಕೆನ್ನೆ ಹಿಂಡಿದಳು.

"ನಂಗೂ ಹೇಳ್ಲಿಲ್ವಲ್ಲೋ! ನಿನ್ನ ಆಫೀಸಿನ ಹುಡುಗ ಬಂದು ಹೇಳದೇ ಹೋಗಿದ್ರೆ ಗೊತ್ತೇ ಆಗ್ತಿರಲಿಲ್ಲ."

ಫೆಸ್ಟೊ ಪಿನ್ನು ಬಿಚ್ಚಿ ನೋಟಿನ ಕಟ್ಟು ಚಾಚಿದ. "ಅಮ್ಮ, ಬಾಡಿಗೆ. ಒಂದು ಶಿಲಿಂಗೂ ಕಮ್ಮಿ ಇಲ್ಲ."

ರಿಜಿಕಿಯಮ್ಮ ಅವನ ಕೈಯನ್ನು ಪ್ರೀತಿಯಿಂದ ಹಿಂದಕ್ಕೆ ಮಡಚಿದಳು. ಅವಳು ದುಡ್ಡಿರುವ ಕೈಯನ್ನು ಹಿಂದಕ್ಕೆ ತಳ್ಳಿದ್ದನ್ನು ಆ ಅಂಗಳ ಅಂದೇ ಮೊದಲು ಕಂಡದ್ದು. "ಇಟ್ಕೋ ಮಗಾ. ಹೊಸ ಮನೆಗೆ ಬೇಕಾಗುತ್ತೆ. ಹೆಂಡತಿ ಕಟ್ಕೊಂಡು ಈ ಗೂಡಲ್ಲಿರ್ತೀಯಾ? ರೂಮಿಗೆ ಬೇರೆಯವರು ಬಂದಾಯ್ತು. ತಿಂಗಳಿಗೆ ಲಕ್ಷದಿಪ್ಪತ್ತು. ಆರು ತಿಂಗಳದ್ದು ಕೈಗೇ ಎಣಿಸಿಕೊಟ್ಟ."

ಫೆಸ್ಟೊನ ಕಾಲಡಿಯ ಅಂಗಳ ಒಂದು ಸುತ್ತು ಹಾಕಿತು. "ಅಮ್ಮ! ಮದುವೆನೂ ಇಲ್ಲ, ಗಿದುವೆನೂ ಇಲ್ಲ! ಸುಳ್ಳು ಹೇಳಿದೆ! ಹುಡುಗಿನೇ ಇಲ್ಲ!"

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. "ಇವನೂ ಹೆದರಿದ ನೋಡು!" ಎಂದಳು ರಿಜಿಕಿಯಮ್ಮ. "ನಮ್ಮ ಯಜಮಾನ ಚರ್ಚಿನ ಬಾಗಿಲಲ್ಲಿ ನಿಂತು, ಈ ಹೆಂಗಸು ಯಾರು ಅಂತಲೇ ಗೊತ್ತಿಲ್ಲ ಅಂದಿದ್ದ. ಐದು ಮಕ್ಕಳಾದವು."

"ನನ್ನ ರೂಮು ವಾಪಸು ಕೊಡಮ್ಮ!"

"ಅವನ ದುಡ್ಡು ಆಗಲೇ ನನ್ನ ಮಗಳು ರಿಜಿಕಿಯ ಕಾಲೇಜು ಫೀಸಿಗೆ ಹೋಯ್ತಲ್ಲೋ. ಏನಿದ್ರೂ ಅವನ್ನೇ ಕೇಳು. ಒಳಗಿದ್ದಾನೆ."

ರೂಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಫೆಸ್ಟೊನ ಸಾಮಾನೆಲ್ಲ ಒಂದು ಗೋಡೆಗೆ ಅಚ್ಚುಕಟ್ಟಾಗಿ ಒತ್ತಿಕೊಂಡು ನಿಂತಿತ್ತು. ಇನ್ನೊಂದು ಗೋಡೆಯ ಬದಿಗೆ ಹೊಸ ಹಾಸಿಗೆ ಬಿಚ್ಚುತ್ತ ಕೂತಿದ್ದವನು ಮೆತ್ತಗೆ ತಲೆಯೆತ್ತಿದ. ಗಾಸ್ಪರ್.

"ಬಾ ಅಣ್ಣ, ಕೂತ್ಕೋ. ನಿಂದೇ ಮನೆ ಅಂದ್ಕೋ."

"ಮೋಸಗಾರ! ನಂದೇ ಮನೆ ಕಣೋ ಇದು!" ಫೆಸ್ಟೊ ಅರಚಿದ. "ಮದುವೆ ಎಲ್ಲ ಸುಳ್ಳು, ಗೊತ್ತಾ ನಿಂಗೆ?"

"ಗೊತ್ತು," ಎಂದ ಗಾಸ್ಪರ್ ಹಾಸಿಗೆಯ ಮೂಲೆ ಎಳೆಯುತ್ತ. "ಬೇರೆ ಕಡೆ ಹುಡುಕ್ತೀಯೇನೋ. ಆದ್ರೆ ಈಗ ಸಂಜೆ ಆಯ್ತು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಅದರ ಮೇಲೆ ಆರು ತಿಂಗಳ ಮುಂಗಡ. ನಿನ್ನ ಹತ್ರ ಅಷ್ಟಿದೆಯಾ? ಇಲ್ಲ. ಒಂದು ಕೆಲಸ ಮಾಡೋಣ, ಇಬ್ಬರೂ ಇಲ್ಲೇ ಇರೋಣ. ಹೊಸ ರೇಟಿನಲ್ಲಿ ನಿನ್ನಿಂದ ಒಂದು ಶಿಲಿಂಗೂ ಜಾಸ್ತಿ ಕೇಳಲ್ಲ. ನೀನು ಯಾವಾಗ್ಲೂ ಕೊಡೋ ಎಂಬತ್ತೇ ಕೊಡು. ಉಳಿದ ನಲವತ್ತು ನಾನು ಹಾಕ್ಕೋತೀನಿ."

"ಅರ್ಧ ರೂಮಿಗೆ ಪೂರ್ತಿ ಬಾಡಿಗೆ?"

"ಆರು ತಿಂಗಳದ್ದು ಒಟ್ಟಿಗೇ ಕೊಡಬೇಕಣ್ಣ. ಊರಿನ ಪದ್ಧತಿ, ನಾನೇನು ಮಾಡ್ಲಿ?"

ಕತ್ತಲಾಗುವ ಮುಂಚೆ ನಾಲ್ಕು ಲಕ್ಷ ಎಂಬತ್ತು ಸಾವಿರ ಆ ಗೋಡೆಯಿಂದ ಈ ಗೋಡೆಗೆ ದಾಟಿತು. ಫೆಸ್ಟೊ ಎರಡೂ ಪಿನ್ನುಗಳನ್ನು ಖಾಲಿ ಒಳಜೇಬಿಗೆ ಚುಚ್ಚಿಕೊಂಡ. ಕೊನೆಗೆ ಕುತೂಹಲ ತಡೆಯದೆ ಕೇಳಿದ:

"ಅಲ್ಲಾ, ಸುಳ್ಳು ಅಂತ ನಿಂಗೆ ಹೇಗೆ ಗೊತ್ತಾಯ್ತು? ಆ ತಾತು ಅಕ್ಕನಿಗೇ ಗೊತ್ತಾಗಲಿಲ್ಲ."

ಗಾಸ್ಪರ್ ದಿಂಬಿಗೆ ಎರಡು ಏಟು ಹಾಕಿ ಮಲಗಿಕೊಂಡ. "ಹೋದ ವರ್ಷ ಹಳೇ ಕಂಪನಿಯಲ್ಲಿ ಮ್ಯಾನೇಜರ ಮಗನ ಮದುವೆಗೆ ನಾನೂ ಇದೇ ಸುಳ್ಳು ಹೇಳಿದ್ದೆ. ಅವತ್ತೇ ಸಂಜೆ ನನ್ನ ರೂಮು ಹೋಯ್ತು. ಅವತ್ತಿಂದ ಚಿಕ್ಕಪ್ಪನ ಮನೆ ಸೋಫಾ ಮೇಲೆ ಕಾಲು ಮಡಚ್ಕೊಂಡು, ಮುಂಗಡ ಕೂಡಿಸ್ಕೊಂಡು, ಯಾರಾದ್ರೂ ಇನ್ನೊಬ್ಬ ಹೇಳ್ಲಪ್ಪಾ ಅಂತ ಕಾಯ್ತಾ ಇದ್ದೆ."

"ಈಗ ನಾನೇನೋ ಮಾಡ್ಲಿ?"

"ನೀನೂ ಕಾಯ್ತಿರು," ಎಂದ ಗಾಸ್ಪರ್ ಗೋಡೆಯ ಕಡೆ ಹೊರಳಿಕೊಳ್ಳುತ್ತ. "ಆಫೀಸಲ್ಲಿ ಇನ್ನೂ ಮೂರು ಜನ ಬ್ರಹ್ಮಚಾರಿಗಳಿದ್ದಾರೆ. ಅದರಲ್ಲಿ ಇಬ್ಬರ ರೂಮು ನಾನು ನೋಡ್ಕೊಂಡು ಬಂದಿದ್ದೀನಿ. ಚೆನ್ನಾಗಿವೆ."