ಗೈಡ್ ಇಲ್ಲದೆ ಗಢಿ ನೋಡಿದ ವೃತ್ತಾಂತ

ಗೈಡ್ ಇಲ್ಲದೆ ಹಳೆಯ ಊರು ನೋಡುವುದು ಹೇಗೆಂದು ನನ್ನಿಂದ ಕಲಿಯಬೇಕು. ಸುದ್ದಿಮನೆಯಲ್ಲಿ ತಲೆ ನರೆಸಿಕೊಂಡವನು ನಾನು. ಇಬ್ಬರು ಬೇರೆ ಬೇರೆಯಾಗಿ ಹೇಳದೆ ಯಾವ ಮಾತನ್ನೂ ನಂಬುವುದಿಲ್ಲ. ಇಂಥವನಿಗೆ ಗೈಡ್ ಯಾಕೆ?

ನನ್ನ ಸಡ್ಡಕನ ಅಭಿಪ್ರಾಯ ಬೇರೆ. ಹೆಂಡತಿಯ ಅಕ್ಕನ ಗಂಡನಾದ ಈ ಮಹಾಶಯ ವರ್ಷಕ್ಕೊಮ್ಮೆ ಬಂಧುಬಳಗವನ್ನೆಲ್ಲ ಬಸ್ಸಿಗೆ ತುಂಬಿ, ಕೊರಳಿಗೆ ಸೀಟಿ ನೇತುಹಾಕಿಕೊಂಡು ಪ್ರವಾಸ ಹೊರಡಿಸುತ್ತಾನೆ. ಊದಿದರೆ ಇಳಿಯಬೇಕು, ಊದಿದರೆ ಹತ್ತಬೇಕು. ಮೂತ್ರಕ್ಕೂ ಸೀಟಿಯೇ!

ಈ ಸಲ ನಾನು ಬಂಡೆದ್ದೆ. ಗಂಡ ಹೆಂಡತಿ ಇಬ್ಬರೇ ಹೋಗೋಣ ಎಂದೆ. ಶಾಂತಾ ಷರತ್ತು ಹಾಕಿದಳು.

"ನಾರಾಯಣಖೇಡದ ಗಢಿ ಸರಿಯಾಗಿ ತೋರ್ಸ್ರಿ. ಅದಾತು ಅಂದ್ರ ಇನ್ಮುಂದ ನಾವಿಬ್ಬರೇ ತಿರಗೋಣು. ಆಗಲಿಲ್ಲಂದ್ರ ದಸರಾಕ್ಕ ಅಕ್ಕನ ಬಸ್ಸೇ!"

ಗಢಿ ಎಂದರೆ ಹಳೆಯ ಜಮೀನ್ದಾರರ ಕೋಟೆಯಂಥ ಮನೆ. ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು ಜಹೀರಾಬಾದಿನಿಂದ ಬಸ್ಸು ಹತ್ತಿದೆವು. ನಾರಾಯಣಖೇಡದಲ್ಲಿ ಇಳಿದವನೇ ಚಹಾದಂಗಡಿಯವನನ್ನು ವಿಚಾರಿಸಿದೆ.

"ಇದೇ ಓಣಿ ರೀ. ಎಲ್ಲಾರೂ ಅಲ್ಲಿಗೇ ಹೊಂಟಾರ."

ಪಾನ್ ಅಂಗಡಿಯವನನ್ನೂ ಕೇಳಿದೆ.

"ದೊಡ್ಡ ಬಾಗಿಲಾ ಖುಲ್ಲಾ ಅದ. ಸೀದಾ ಒಳಗ ಹೋಗ್ರಿ."

ಎರಡು ಮೂಲಗಳಿಂದ ಸುದ್ದಿ ಖಚಿತವಾಯಿತು!

ಬಾಗಿಲಲ್ಲಿ ಒಬ್ಬ ಹೆಂಗಸು ತುಟಿ ಬಿಚ್ಚದೆ ಶಾಂತಾಳ ಕೈಯಿಂದ ಬುತ್ತಿಯ ಚೀಲ ಇಸಿದುಕೊಂಡಳು. "ಸಾಮಾನು ಇಡುವ ವ್ಯವಸ್ಥೆ ಅಚ್ಚುಕಟ್ಟಾಗಿದೆ" ಎಂದು ಪಿಸುಗುಟ್ಟಿದೆ. ಹೆಂಗಸರು ಶಾಂತಾಳನ್ನು ಒಳಗೆ ಕರೆದೊಯ್ದರು. ಅಂಗಳದ ಜಮಖಾನದ ಮೇಲೆ ಗಂಡಸರು ಸದ್ದಿಲ್ಲದೆ ಕೂತಿದ್ದರು. ಪ್ರವಾಸಿಗರಲ್ಲಿ ಇಂಥ ಶಿಸ್ತು ನಾನು ಕಂಡೇ ಇರಲಿಲ್ಲ. ನಾನೂ ಕೂತೆ. ಫೋಟೋ ತೆಗೆಯಲೆಂದು ಮೊಬೈಲ್ ಹೊರತೆಗೆದೆ.

ಪಕ್ಕದ ಮುದುಕರು ಬಗ್ಗಿ ಕೇಳಿದರು: "ಆಯಿ ನಿಮಗ ಏನಾಗಬೇಕ್ರಿ?"

"ಯಾವ ಆಯಿ?"

ಅವರು ಗೋಡೆಯ ಕಡೆ ಗದ್ದ ಎತ್ತಿದರು. ಒಬ್ಬ ಮುದುಕಿಯ ಫೋಟೋ. ಹೊಸ ಹಾರ. ಮುಂದೆ ದೀಪ.

ಸುದ್ದಿಗೆ ಏನು, ಎಲ್ಲಿ, ಯಾರು, ಯಾವಾಗ, ಯಾಕೆ ಎಲ್ಲವೂ ಬೇಕು. ಎಲ್ಲರೂ ಅಲ್ಲಿಗೆ ಯಾಕೆ ಹೊರಟಿದ್ದಾರೆ ಎಂಬುದನ್ನು ನಾನು ಕೇಳಿರಲಿಲ್ಲ! ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬಂದವರೇ ಬುತ್ತಿ ತರುತ್ತಾರೆ. ಯಾರನ್ನೂ "ಬರ್ರಿ" ಎಂದು ಕರೆಯುವುದಿಲ್ಲ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ನಮ್ಮ ಎಣ್ಣೆಗಾಯಿ ಆಗಲೇ ಒಳಗೆ ಯಾರದೋ ತಟ್ಟೆಯಲ್ಲಿತ್ತು.

ನಿಜ ಹೇಳಿ ಎದ್ದುಬಿಡಬಹುದಿತ್ತು. ಹೇಳಿದರೆ ದಸರೆಗೆ ಸೀಟಿ! ನಾನು ಹಿಂದೆ ಸರಿಯಲಿಲ್ಲ.

"ದೂರದ ಸಂಬಂಧ ರೀ" ಎಂದೆ.

"ಯಾವ ಕಡಿಂದ?"

"ಜಹೀರಾಬಾದ್ ಕಡಿಂದ."

ಮುದುಕರು ನನ್ನನ್ನೂ ನನ್ನ ಮೊಬೈಲನ್ನೂ ಬಹಳ ಹೊತ್ತು ನೋಡಿದರು. ನಾನು ದುಃಖಿತನಂತೆ ತಲೆ ತಗ್ಗಿಸಿದೆ. ತಗ್ಗಿಸಿದ ತಲೆ ಮತ್ತೆ ಎತ್ತಲಿಲ್ಲ. ಎತ್ತಿದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಕೊನೆಗೆ ಶಾಂತಾಳ ದನಿ ಕೇಳಿಸಿತು. ಬದುಕಿದೆ ಎಂದು ಎದ್ದು, ರೂಢಿಯಂತೆ ಎರಡೂ ಕೈ ಮುಗಿದು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ: "ಹೋಗಿ ಬರ್ತೀವ್ರಿ!"

ಸಾವಿನ ಮನೆಯಿಂದ ಏಳುವಾಗ ಆಡಬಾರದ ಮಾತು ಯಾವುದಾದರೂ ಇದ್ದರೆ ಅದೊಂದೇ.

"ಬ್ಯಾಡ್ರಿ ಯಣ್ಣಾ!" ತೀರಿಹೋದ ಆಯಿಯ ಮಗಳು ಕೂಗಿಯೇ ಬಿಟ್ಟಳು. "ಈ ಮನಿಗಿ ಇಂಥಾ ಕೆಲಸಕ್ಕ ಯಾರೂ ಮತ್ತ ಬರೋದು ಬ್ಯಾಡ!"

ಪಕ್ಕದ ಮುದುಕರು ಶಲ್ಯವನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದರೆಂದು ನಾನು ಈಗಲೂ ವಾದಿಸುತ್ತೇನೆ.

ಬಸ್‌ಸ್ಟ್ಯಾಂಡಿನಲ್ಲಿ ಎದೆಯುಬ್ಬಿಸಿ ನಿಂತೆ. "ಏನಾದರೂ ಆಗಲಿ, ಗಢಿ ನೋಡಿದೆವಲ್ಲ! ಷರತ್ತು ಪೂರೈಸಿತು."

"ನಾ ನೋಡಿನ್ರಿ" ಎಂದಳು ಶಾಂತಾ. "ಒಳಗ ಹೋಗತ್ಲೇ ಖರೇ ಹೇಳಿದ್ನಿ, ತಪ್ಪಾಗ್ಯಾದ ಅಂತ. ಸೊಸಿ ಪಾಪ ಭಾಳ ಛಲೋ ಹೆಣಮಗಳು. ನಮ್ಮತ್ತಿಯವರಿಗಿ ಮಂದಿಗಿ ಮನಿ ತೋರ್ಸೋದಂದ್ರ ಜೀವ ಇತ್ತು ಅಂತ, ಕಣ್ಣು ಒರಸ್ಕೋತ ಎಲ್ಲಾ ತೋರ್ಸಿದ್ಲು. ಕೆತ್ತಿದ ಕಂಬ, ಗುಪ್ತ ಮೆಟ್ಲಾ, ಮಾಳಗಿ ಮ್ಯಾಲಿನ ಬುರುಜು. ನೀವು ಏನೇನು ನೋಡಿದ್ರಿ, ಹೇಳ್ರಿ?"

ನಾನು ಪತ್ರಕರ್ತ. ಕಂಡದ್ದನ್ನೇ ಹೇಳಬೇಕು.

"ನೆಲ" ಎಂದೆ. "ತಾಂಡೂರು ಕಲ್ಲು."

ಶಾಂತಾ ಅಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿದಳು. ನಾನೇನೂ ಶರಣಾಗಲಿಲ್ಲ. ದಸರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವೇ ಬೇಕು ಎಂದು ಗಟ್ಟಿಯಾಗಿ ಹೇಳಿದೆ. ಅದು ಮಕ್ಕಳಿಗಂತೆ.