ಚಪ್ಪಾಳೆಗೆ ಉಬ್ಬಿದ ಬೆಲ್ಲಣ್ಣ

ರಾಜ್ಯೋತ್ಸವದ ದಿನ ನಮ್ಮ ಅಣ್ಣ ವೀರಭದ್ರಪ್ಪ ಹುಬ್ಬಳ್ಳಿಯ ಮೈದಾನವೊಂದರಲ್ಲಿ, ಮೂರಂತಸ್ತಿನ ಮನೆಯಷ್ಟು ಎತ್ತರದ ಬಲೂನಿನ ಮುಂದೆ ನಿಂತು ನನ್ನನ್ನು ಕೂಗಿದ.

"ನೀಲಾ, ಒಂದ ಸಲ ಚಪ್ಪಾಳಿ ಹೊಡದು ನೋಡು!"

ಹೊಡೆದೆ. ಬಲೂನಿನ ಕೆನ್ನೆಗಳು ಬುಸ್ಸೆಂದು ಉಬ್ಬಿದವು!

ಅದು ಬೆಲ್ಲಣ್ಣ, ಡೊಳ್ಳುಹೊಟ್ಟೆಯ ಕರಡಿಮರಿ. ಹನ್ನೊಂದು ವರ್ಷದಿಂದ ವಾರಪತ್ರಿಕೆಯೊಂದರ ಮಕ್ಕಳ ಪುಟದಲ್ಲಿ ಅವನ ಚಿತ್ರಕತೆ ಬರುತ್ತಿದೆ. ಬರೆಯುವವಳು ನಾನು, ಒಲೆಯ ಪಕ್ಕದ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು. ಅಚ್ಚಾಗುವ ಹೆಸರು ಅಣ್ಣನದು. ಹೆಣ್ಣುಮಕ್ಕಳ ಹೆಸರು ಕಂಡರೆ ಸಂಪಾದಕರು ಲಕೋಟೆಯನ್ನೇ ಒಡೆಯುವುದಿಲ್ಲವೆಂದು ಮೊದಲ ಸಲ ಅವನೇ ತನ್ನ ಹೆಸರು ಬರೆದು ಅಂಚೆಗೆ ಹಾಕಿದ್ದ. ಆಮೇಲೆ ಅದೇ ರೂಢಿಯಾಯಿತು.

ಈಗ ಬಲೂನಿನ ಹೊಟ್ಟೆಯ ಮೇಲೂ ದಪ್ಪ ಅಕ್ಷರ: 'ಚಿತ್ರ, ಕಲ್ಪನೆ, ಯಂತ್ರ: ವೀರಭದ್ರಪ್ಪ'.

"ಅಣ್ಣಾ, ಚಿತ್ರ ನಂದಲ್ಲೇನೋ?"

"ಚಿತ್ರ ಯಾರರೆ ತಗೀತಾರ! ಒಳಗ ನನ್ನ ಮುದ್ದುಯಂತ್ರ ಐತಿ. ಚಪ್ಪಾಳಿ ಎಲ್ಲೆ ಕೇಳತೈತಿ, ಆ ಕಡೆ ಹೋಗತೈತಿ. ಜೋರಾದಷ್ಟೂ ಉಬ್ಬತೈತಿ. ಇದನ್ನ ನೀ ಮಾಡ್ತಿದ್ದೇನು?"

ನಾನೂ ಬಲೂನಿನ ಒಂದು ಹಗ್ಗ ಹಿಡಿದೆ. ಮೆರವಣಿಗೆ ಹೊರಟಿತು.

ಮೊದಲ ಓಣಿಯಲ್ಲಿ ಮಕ್ಕಳು ಚಪ್ಪಾಳೆ ಹೊಡೆದರು. ಕೆನ್ನೆ ಉಬ್ಬಿ ಬೆಲ್ಲಣ್ಣನ ಕಣ್ಣುಗಳೇ ಮುಚ್ಚಿದವು. ಎರಡನೆಯ ಓಣಿಯಲ್ಲಿ ಅವನ ಹೊಟ್ಟೆ ಎರಡೂ ಬದಿಯ ಮನೆಗಳ ಬಾಲ್ಕನಿಗೆ ತಾಗಿ, ಒಣಹಾಕಿದ ಸೀರೆಗಳೆಲ್ಲ ಅವನ ಮೈಗೆ ಅಂಟಿಕೊಂಡವು. ಮತ್ತಷ್ಟು ಚಪ್ಪಾಳೆ!

ಮೆರವಣಿಗೆ ವೇದಿಕೆಯ ಬಳಿ ಬರುವಾಗ ಅಲ್ಲಿ ಸಚಿವರ ಭಾಷಣ ಮುಗಿಯಿತು. ಮುಗಿದ ಖುಷಿಗೆ ಜನ ಜೋರಾಗಿ ಚಪ್ಪಾಳೆ ಹೊಡೆದರು. ಬೆಲ್ಲಣ್ಣ ತಿರುಗಿದ. ಹಗ್ಗ ಹಿಡಿದ ನಲವತ್ತು ಮಂದಿಯನ್ನೂ ಎಳೆದುಕೊಂಡು ಹೋಗಿ ವೇದಿಕೆಯ ಮೇಲೆ ಬೋರಲಾಗಿ ಮಲಗಿಬಿಟ್ಟ! ಸಚಿವರ ಬೂಟುಗಳು ಮಾತ್ರ ಕಾಣುತ್ತಿದ್ದವು. ಈಗಂತೂ ಜನ ಮನಸಾರೆ ಚಪ್ಪಾಳೆ ಹೊಡೆದರು.

ಅಣ್ಣ ಮೈಕು ಕಿತ್ತುಕೊಂಡ. "ಚಪ್ಪಾಳಿ ಹೊಡೀಬ್ಯಾಡ್ರಿ!"

ಮೈಕು ಗೊರಗುಟ್ಟಿತು. ಜನಕ್ಕೆ ಕೇಳಿಸಿದ್ದು "ಚಪ್ಪಾಳಿ ಹೊಡೀ..." ಅಷ್ಟೇ. ಹೊಡೆದರು.

ಅಷ್ಟರಲ್ಲಿ ಗುಡುಗಿತು. ಅಷ್ಟು ದೊಡ್ಡ ಚಪ್ಪಾಳೆಯನ್ನು ಬೆಲ್ಲಣ್ಣ ಕೇಳಿಯೇ ಇರಲಿಲ್ಲ. ಮುಖ ಮೇಲೆತ್ತಿದ, ಹಗ್ಗ ಹರಿದುಕೊಂಡ, ಸೀರೆಗಳ ಸಮೇತ ಉಬ್ಬುತ್ತ ಉಬ್ಬುತ್ತ ಕಪ್ಪು ಮೋಡದೊಳಗೆ ಹೋಗಿಬಿಟ್ಟ.

ಸಚಿವರು ಎದ್ದು ಕೂತರು. ಗಾಯವೇನಿರಲಿಲ್ಲ, ಸಿಟ್ಟಿತ್ತು. "ಯಾರದು ಈ ಕರಡಿ?"

ಅಣ್ಣ ಒಂದು ಕ್ಷಣವೂ ತಡಮಾಡಲಿಲ್ಲ. "ನಮ್ಮ ತಂಗೀದ್ರಿ ಸಾಹೇಬ್ರ! ಚಿತ್ರ, ಕಲ್ಪನೆ ಎಲ್ಲಾ ಅಕೀದ. ನಾ ಬರೇ ಗಾಳಿ ತುಂಬೇನ್ರಿ!"

ನಾನು ಅವನ ಮುಖ ನೋಡಿದೆ. ಅವನು ಮೋಡ ನೋಡುತ್ತಿದ್ದ.

ನಮ್ಮನ್ನು ಠಾಣೆಗೆ ಕರೆಸಿದ ಇನ್ಸ್‌ಪೆಕ್ಟರು ಕೇಳಿದರು, "ಕರಡಿ ನಿಮ್ದೇನ್ರೀ ಅಕ್ಕಾರ?"

ಹನ್ನೊಂದು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. "ಹೌದ್ರಿ. ನಂದ."

"ಆದ್ರ ಅದು ಹಾರಿ ಹೋಗೇತಲ್ರಿ. ಹೆಂಗಿತ್ತು, ಚಿತ್ರ ಬರದು ಕೆಳಗ ಸಹಿ ಮಾಡ್ರಿ."

ಬರೆದೆ. ಬಾಗಿಲಲ್ಲಿ ನಿಂತಿದ್ದ ಅಣ್ಣ ಇಣುಕಿ ಹೇಳಿದ, "ಕಿವಿ ಸ್ವಲ್ಪ ದೊಡ್ಡೂ ಆದೂ, ನೀಲಾ."

ಕೆಳಗೆ ನನ್ನ ಹೆಸರು ಬರೆದೆ, ಪೂರ್ತಿ.

"ಭಾಳ ಮುದ್ದ ಐತ್ರಿ" ಎಂದು ಇನ್ಸ್‌ಪೆಕ್ಟರು ಮೆಚ್ಚಿ, ಬೆಲ್ಲಣ್ಣನ ಮುಖದ ಮೇಲೇ ಠಾಣೆಯ ಮುದ್ರೆ ಒತ್ತಿದರು.